ಜೋಸೆಫ್ ಬರ್ನಾರ್ಡಿನ್

ಜೋಸೆಫ್ ಲೂಯಿಸ್ ಬರ್ನಾರ್ಡಿನ್ (ಏಪ್ರಿಲ್ 2, 1928 – ನವೆಂಬರ್ 14, 1996) ಅಮೆರಿಕ ಸಂಯುಕ್ತ ಸಂಸ್ಥಾನದ ರೋಮನ್ ಕ್ಯಾಥೊಲಿಕ್ ಧರ್ಮಸಭೆಯ ಪ್ರಮುಖ ಧರ್ಮಾಧ್ಯಕ್ಷರಲ್ಲಿ ಒಬ್ಬರು. 1972ರಿಂದ 1982ರವರೆಗೆ ಸಿನ್ಸಿನಾಟಿಯ ಹಾಗೂ 1982ರಿಂದ ನಿಧನದವರೆಗೆ ಶಿಕಾಗೊದ ಮಹಾಧರ್ಮಾಧ್ಯಕ್ಷರಾಗಿದ್ದರು. 1983ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಇವರನ್ನು ಕಾರ್ಡಿನಲ್ ಪದವಿಗೆ ಏರಿಸಿದರು. ಗರ್ಭಪಾತ, ಅಣ್ವಸ್ತ್ರ ಯುದ್ಧ, ಮರಣದಂಡನೆ, ದಯಾಮರಣ, ಬಡತನ ಇವೆಲ್ಲವನ್ನೂ ಮಾನವ ಜೀವದ ಮೌಲ್ಯವೆಂಬ ಒಂದೇ ನೆಲೆಯಿಂದ ನೋಡಬೇಕೆಂಬ ಸುಸಂಗತ ಜೀವಪರ ನೀತಿಯನ್ನು ಪ್ರತಿಪಾದಿಸಿದುದು ಇವರ ಮುಖ್ಯ ಕೊಡುಗೆ. ಗರ್ಭಪಾತದ ಬಗೆಗೆ ಅಭ್ಯರ್ಥಿಯ ನಿಲುವನ್ನು ಮಾತ್ರ ನೋಡಿ ಮತ ನೀಡಬೇಕೆ ಅಥವಾ ಎಲ್ಲ ವಿಷಯಗಳನ್ನೂ ತೂಗಿ ನೋಡಬೇಕೆ ಎಂಬ, ಅಮೆರಿಕದ ಕ್ರೈಸ್ತ ಮತದಾರರನ್ನು ಕಾಡಿದ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನಗಳಲ್ಲಿ ಈ ನೀತಿಗೆ ವಿಶೇಷ ಸ್ಥಾನವಿದೆ.

ಜನನ ಮತ್ತು ಬಾಲ್ಯ

ಬರ್ನಾರ್ಡಿನ್ ಅವರು ದಕ್ಷಿಣ ಕೆರೊಲಿನಾ ರಾಜ್ಯದ ರಾಜಧಾನಿ ಕೊಲಂಬಿಯಾದಲ್ಲಿ ಜನಿಸಿದರು. ತಂದೆ ಜೋಸೆಫ್, ತಾಯಿ ಮರಿಯಾ. ಇಬ್ಬರೂ ಉತ್ತರ ಇಟಲಿಯ ಟ್ರೆಂಟಿನೊ ಪ್ರದೇಶದಿಂದ ವಲಸೆ ಬಂದವರು. ತಂದೆ ಕಲ್ಲುಕೆಲಸದವರಾಗಿದ್ದರು. ಮಗನಿಗೆ ಆರು ವರ್ಷವಾಗಿದ್ದಾಗ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ತಾಯಿ ಹೊಲಿಗೆ ಕೆಲಸ ಮಾಡಿ ಮಗನನ್ನೂ ಕಿರಿಯ ಮಗಳನ್ನೂ ಸಾಕಿದರು. ಆ ಕಾಲದ ದಕ್ಷಿಣ ಕೆರೊಲಿನಾದಲ್ಲಿ ಪ್ರಾಟೆಸ್ಟೆಂಟ್ ಕ್ರೈಸ್ತರೇ ಬಹುಸಂಖ್ಯಾತರಾಗಿದ್ದು, ಕ್ಯಾಥೊಲಿಕರು ಅತ್ಯಲ್ಪ ಸಂಖ್ಯೆಯಲ್ಲಿದ್ದರು. ಭಿನ್ನ ನಂಬಿಕೆಯವರ ನಡುವೆ ಬೆಳೆದುದರ ಪರಿಣಾಮ, ಎದುರು ಪಕ್ಷದ ಮಾತನ್ನು ತಾಳ್ಮೆಯಿಂದ ಕೇಳುವ ಅವರ ಸ್ವಭಾವದಲ್ಲಿ ಕಾಣುತ್ತದೆ.

ವಿದ್ಯಾಭ್ಯಾಸ ಮತ್ತು ಗುರುದೀಕ್ಷೆ

ವೈದ್ಯರಾಗುವ ಉದ್ದೇಶದಿಂದ ಅವರು ಮೊದಲು ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯವನ್ನು ಸೇರಿದರು. ಸ್ವಲ್ಪ ಕಾಲದಲ್ಲೇ ಆ ದಾರಿಯನ್ನು ಬಿಟ್ಟು ಗುರುಜೀವನವನ್ನು ಆರಿಸಿಕೊಂಡರು. ಬಾಲ್ಟಿಮೋರ್‌ನ ಸೇಂಟ್ ಮೇರಿ ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನೂ ವಾಷಿಂಗ್ಟನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರವನ್ನೂ ಅಭ್ಯಾಸ ಮಾಡಿದರು. 1952ರ ಏಪ್ರಿಲ್ 26ರಂದು ಚಾರ್ಲ್ಸ್‌ಟನ್ ಧರ್ಮಪ್ರಾಂತ್ಯಕ್ಕಾಗಿ ಗುರುದೀಕ್ಷೆ ಪಡೆದರು. ಮುಂದಿನ ಹದಿನಾಲ್ಕು ವರ್ಷ ಅದೇ ಧರ್ಮಪ್ರಾಂತ್ಯದಲ್ಲಿ ನಾಲ್ವರು ಧರ್ಮಾಧ್ಯಕ್ಷರ ಕೈಕೆಳಗೆ ವಿವಿಧ ಆಡಳಿತ ಹೊಣೆಗಳನ್ನು ನಿರ್ವಹಿಸಿದರು.

1966ರಲ್ಲಿ ಪೋಪ್ ಆರನೇ ಪಾಲ್ ಅವರು ಇವರನ್ನು ಅಟ್ಲಾಂಟಾದ ಸಹಾಯಕ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಆಗ ಅವರ ವಯಸ್ಸು 37. ದೇಶದ ಧರ್ಮಾಧ್ಯಕ್ಷರಲ್ಲಿ ಅವರೇ ಅತ್ಯಂತ ಕಿರಿಯರು. ಅಲ್ಲಿನ ಮಹಾಧರ್ಮಾಧ್ಯಕ್ಷ ಪಾಲ್ ಹಾಲಿನನ್ ಅವರಿಗೆ ಮಾರ್ಗದರ್ಶಕರಾಗಿದ್ದರು.

ಧರ್ಮಾಧ್ಯಕ್ಷರ ಸಮ್ಮೇಳನದಲ್ಲಿ ಸೇವೆ

ಅಮೆರಿಕದ ಎಲ್ಲ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಕೂಡಿ ಚರ್ಚಿಸಿ ತೀರ್ಮಾನಿಸುವ ವೇದಿಕೆಯೇ ರಾಷ್ಟ್ರೀಯ ಧರ್ಮಾಧ್ಯಕ್ಷರ ಸಮ್ಮೇಳನ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಇದು ಹೊಸ ರೂಪ ತಾಳಿತು. ಬರ್ನಾರ್ಡಿನ್ 1968ರಿಂದ 1972ರವರೆಗೆ ಇದರ ಪ್ರಧಾನ ಕಾರ್ಯದರ್ಶಿಯಾಗಿದ್ದರು. 1972ರ ಡಿಸೆಂಬರಿನಲ್ಲಿ ಸಿನ್ಸಿನಾಟಿಯ ಮಹಾಧರ್ಮಾಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡರು. 1974ರಿಂದ 1977ರವರೆಗೆ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಗರ್ಭಪಾತದ ಪ್ರಶ್ನೆ ಅಮೆರಿಕದ ಚುನಾವಣೆಯ ಅಂಗಳಕ್ಕೆ ಬಂದುದು ಈ ಅವಧಿಯಲ್ಲಿಯೇ.

ಹಿನ್ನೆಲೆ: ರೋ ವಿರುದ್ಧ ವೇಡ್ ತೀರ್ಪು

1973ರ ಜನವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ರೋ ವಿರುದ್ಧ ವೇಡ್ ಪ್ರಕರಣದಲ್ಲಿ ಏಳು–ಎರಡು ಬಹುಮತದ ತೀರ್ಪು ನೀಡಿತು. ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯಿಂದ ಸಿಗುವ ಖಾಸಗಿತನದ ಹಕ್ಕಿನಲ್ಲಿ ಗರ್ಭಪಾತದ ನಿರ್ಧಾರವೂ ಸೇರುತ್ತದೆಯೆಂದು ನ್ಯಾಯಾಲಯ ಹೇಳಿತು. ಅಲ್ಲಿಯವರೆಗೆ ಪ್ರತಿ ರಾಜ್ಯವೂ ತನ್ನದೇ ಕಾನೂನನ್ನು ಹೊಂದಿತ್ತು. ತೀರ್ಪಿನಿಂದ ಬಹುಪಾಲು ರಾಜ್ಯಗಳ ನಿಷೇಧಗಳು ಬಿದ್ದುಹೋದವು.

ಗರ್ಭಧಾರಣೆಯ ಕ್ಷಣದಿಂದಲೇ ಮಾನವ ಜೀವಕ್ಕೆ ರಕ್ಷಣೆ ಇರಬೇಕೆಂಬುದು ಕ್ಯಾಥೊಲಿಕ್ ಧರ್ಮಸಭೆಯ ಬೋಧನೆ. ತೀರ್ಪನ್ನು ಬದಲಿಸಲು ಸಂವಿಧಾನದ ತಿದ್ದುಪಡಿಯೇ ಮಾರ್ಗವೆಂದು ಧರ್ಮಾಧ್ಯಕ್ಷರು ತಿಳಿದರು. 1975ರ ನವೆಂಬರಿನಲ್ಲಿ ಅವರು ಜೀವಪರ ಚಟುವಟಿಕೆಗಳಿಗಾಗಿ ರಾಷ್ಟ್ರಮಟ್ಟದ ಯೋಜನೆಯೊಂದನ್ನು ಅಂಗೀಕರಿಸಿದರು. ಮರುವರ್ಷ, ಚುನಾವಣೆಯ ಹಿನ್ನೆಲೆಯಲ್ಲಿ, ರಾಜಕೀಯ ಹೊಣೆಗಾರಿಕೆಯನ್ನು ಕುರಿತ ಇನ್ನೊಂದು ಹೇಳಿಕೆಯನ್ನು ಹೊರಡಿಸಿದರು. ಧರ್ಮದ ಹೆಸರಿನಲ್ಲಿ ಮತಗಳ ಗುಂಪನ್ನು ಕಟ್ಟುವುದು ತಮ್ಮ ಉದ್ದೇಶವಲ್ಲ, ಅಭ್ಯರ್ಥಿಯ ಪ್ರಾಮಾಣಿಕತೆ, ವಿಚಾರಧಾರೆ, ಸಾಧನೆ ಹಾಗೂ ಎಲ್ಲ ವಿಷಯಗಳ ಮೇಲಿನ ನಿಲುವನ್ನು ಮತದಾರರು ಪರಿಶೀಲಿಸಬೇಕು ಎಂಬುದು ಇದರ ಸಾರ. ಗರ್ಭಪಾತಕ್ಕೆ ಆದ್ಯತೆ ನೀಡಿದ ಯೋಜನೆಯೊಂದು, ಎಲ್ಲವನ್ನೂ ತೂಗಿ ನೋಡಿರೆಂಬ ಹೇಳಿಕೆಯೊಂದು. ಇವೆರಡನ್ನು ಹೊಂದಿಸುವ ಕಷ್ಟ ಅದೇ ವರ್ಷ ಬೆಳಕಿಗೆ ಬಂದಿತು.

1976ರ ಅಧ್ಯಕ್ಷೀಯ ಚುನಾವಣೆ

1976ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಜಿಮ್ಮಿ ಕಾರ್ಟರ್, ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸ್ಪರ್ಧಿಸಿದರು. ಕಾರ್ಟರ್ ದಕ್ಷಿಣದ ಬ್ಯಾಪ್ಟಿಸ್ಟ್ ಪಂಥದವರು. ವೈಯಕ್ತಿಕವಾಗಿ ಗರ್ಭಪಾತವನ್ನು ಒಪ್ಪದಿದ್ದರೂ ಸಂವಿಧಾನ ತಿದ್ದುಪಡಿಯನ್ನು ಅವರು ಬೆಂಬಲಿಸಲಿಲ್ಲ. ಫೋರ್ಡ್ ಅವರು ಗರ್ಭಪಾತವನ್ನು ನಿಯಂತ್ರಿಸುವ ಅಧಿಕಾರವನ್ನು ರಾಜ್ಯಗಳಿಗೆ ಮರಳಿಸುವ ತಿದ್ದುಪಡಿಯ ಪರವಾಗಿದ್ದರು. ದೇಶದ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟಿದ್ದ ಕ್ಯಾಥೊಲಿಕರ ಮತಗಳು ಇಬ್ಬರಿಗೂ ಬೇಕಾಗಿದ್ದವು.

ಆಗಸ್ಟ್ 31ರಂದು ಬರ್ನಾರ್ಡಿನ್ ನೇತೃತ್ವದ ಧರ್ಮಾಧ್ಯಕ್ಷರ ಕಾರ್ಯಕಾರಿ ಸಮಿತಿ ವಾಷಿಂಗ್ಟನ್ನಿನಲ್ಲಿ ಕಾರ್ಟರ್ ಅವರನ್ನು ಭೇಟಿಯಾಯಿತು. ಭೇಟಿಯ ಬಳಿಕ ಬರ್ನಾರ್ಡಿನ್ ಪತ್ರಕರ್ತರೆದುರು ಗರ್ಭಪಾತದ ವಿಷಯದಲ್ಲಿ ನಿರಾಶೆ ವ್ಯಕ್ತಪಡಿಸಿದರು. ಸೆಪ್ಟೆಂಬರ್ 10ರಂದು ಶ್ವೇತಭವನದಲ್ಲಿ ಫೋರ್ಡ್ ಅವರನ್ನು ಕಂಡ ಮೇಲೆ, ಪೂರ್ಣ ತೃಪ್ತಿಯಿಲ್ಲದಿದ್ದರೂ ಅವರ ನಿಲುವು ಪ್ರೋತ್ಸಾಹದಾಯಕವಾಗಿದೆ ಎಂಬ ಅರ್ಥದ ಮಾತನ್ನಾಡಿದರು. ನಿರಾಶೆ ಮತ್ತು ಪ್ರೋತ್ಸಾಹ ಎಂಬ ಈ ಎರಡು ಭಾವಗಳ ವ್ಯತ್ಯಾಸವನ್ನು ಪತ್ರಿಕೆಗಳು ಎತ್ತಿ ತೋರಿಸಿದವು. ಧರ್ಮಾಧ್ಯಕ್ಷರು ಫೋರ್ಡ್ ಅವರಿಗೆ ಬೆಂಬಲ ಸೂಚಿಸಿದ್ದಾರೆಂಬ ಅಭಿಪ್ರಾಯ ಹರಡಿತು.

ಇದರಿಂದ ಧರ್ಮಸಭೆಯ ಒಳಗೇ ಅಸಮಾಧಾನ ಹುಟ್ಟಿತು. ನಿರುದ್ಯೋಗ, ವಸತಿ, ಆಹಾರ ನೀತಿ, ಮಾನವ ಹಕ್ಕುಗಳು ಮುಂತಾದ ವಿಷಯಗಳಲ್ಲಿ ಧರ್ಮಾಧ್ಯಕ್ಷರು ಹೇಳಿದ್ದೆಲ್ಲ ಒಂದು ಭೇಟಿಯಿಂದ ಮರೆಯಾಯಿತೆಂಬುದು ಹಲವರ ಆಕ್ಷೇಪವಾಗಿತ್ತು. 1954ರ ಕಾನೂನಿನಂತೆ ತೆರಿಗೆ ವಿನಾಯಿತಿ ಪಡೆದ ಧಾರ್ಮಿಕ ಸಂಸ್ಥೆಗಳು ಅಭ್ಯರ್ಥಿಗಳ ಪರವಾಗಿಯೋ ವಿರುದ್ಧವಾಗಿಯೋ ಪ್ರಚಾರ ಮಾಡುವಂತಿರಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿಯೇ ಸಮ್ಮೇಳನದ ಆಡಳಿತ ಮಂಡಳಿ, ತಾನು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ, ಒಂದೇ ವಿಷಯವನ್ನು ಆಧರಿಸಿ ನಿಲುವು ತಳೆಯುವುದಿಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ನವೆಂಬರ್ 2ರ ಮತದಾನದಲ್ಲಿ ಕಾರ್ಟರ್ 297 ಚುನಾಯಕ ಮತಗಳನ್ನು ಪಡೆದು ಗೆದ್ದರು. ಫೋರ್ಡ್ ಅವರಿಗೆ 240 ಮತಗಳು ಬಂದವು. ಕ್ಯಾಥೊಲಿಕ್ ಮತದಾರರಲ್ಲಿ ಹೆಚ್ಚಿನವರು ಕಾರ್ಟರ್ ಅವರನ್ನೇ ಆರಿಸಿದ್ದರು.

ಶಿಕಾಗೊ ಮತ್ತು ಅಣ್ವಸ್ತ್ರಗಳ ಕುರಿತ ಪತ್ರ

ಶಿಕಾಗೊದ ಕಾರ್ಡಿನಲ್ ಜಾನ್ ಕೋಡಿ 1982ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ಕೊನೆಯ ವರ್ಷಗಳಲ್ಲಿ ಆ ಮಹಾಧರ್ಮಪ್ರಾಂತ್ಯ ಆಂತರಿಕ ಕಲಹದಿಂದ ಬಳಲಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಬರ್ನಾರ್ಡಿನ್ ಅಲ್ಲಿ ಅಧಿಕಾರ ವಹಿಸಿಕೊಂಡರು. ತಮ್ಮನ್ನು ಗುರುಗಳಿಗೂ ಜನರಿಗೂ ಸಹೋದರನೆಂದು ಪರಿಚಯಿಸಿಕೊಂಡ ಅವರ ನಡೆ ಅಲ್ಲಿನ ವಾತಾವರಣವನ್ನು ತಿಳಿಗೊಳಿಸಿತು.

ಇದೇ ಕಾಲದಲ್ಲಿ ಅವರು ಯುದ್ಧ ಮತ್ತು ಶಾಂತಿಯನ್ನು ಕುರಿತ ಧರ್ಮಾಧ್ಯಕ್ಷರ ಸಮಿತಿಗೆ ಅಧ್ಯಕ್ಷರಾಗಿದ್ದರು. ಯುದ್ಧವನ್ನು ಕಟುವಾಗಿ ವಿರೋಧಿಸುತ್ತಿದ್ದ ತಾಮಸ್ ಗಂಬಲ್ಟನ್ ಹಾಗೂ ನೌಕಾಪಡೆಯಲ್ಲಿ ದೀರ್ಘಕಾಲ ಧರ್ಮಗುರುವಾಗಿದ್ದ ಜಾನ್ ಓ'ಕಾನರ್ ಇಬ್ಬರೂ ಆ ಸಮಿತಿಯಲ್ಲಿದ್ದರು. ಸಮಿತಿ ಸಿದ್ಧಪಡಿಸಿದ 'ಶಾಂತಿಯ ಸವಾಲು' ಎಂಬ ಪತ್ರವನ್ನು 1983ರ ಮೇ 3ರಂದು ಧರ್ಮಾಧ್ಯಕ್ಷರು 238–9 ಮತಗಳಿಂದ ಅಂಗೀಕರಿಸಿದರು. ಜನವಸತಿಯ ಮೇಲೆ ಅಣ್ವಸ್ತ್ರ ಪ್ರಯೋಗಿಸುವುದನ್ನು ಅದು ಖಂಡಿಸಿತು. ಅಣ್ವಸ್ತ್ರಗಳಿಂದ ಶತ್ರುವನ್ನು ತಡೆಯುವ ನೀತಿಯನ್ನು, ನಿಶ್ಶಸ್ತ್ರೀಕರಣದ ಕಡೆಗೆ ಸಾಗುವ ಷರತ್ತಿನ ಮೇಲೆ ಮಾತ್ರ ಸಹಿಸಬಹುದೆಂದಿತು. ರೊನಾಲ್ಡ್ ರೇಗನ್ ಸರ್ಕಾರದ ರಕ್ಷಣಾ ನೀತಿಯನ್ನು ಪ್ರಶ್ನಿಸಿದ ಈ ಪತ್ರದಿಂದ ಬರ್ನಾರ್ಡಿನ್ ರಾಷ್ಟ್ರದಾದ್ಯಂತ ಪರಿಚಿತರಾದರು.

ಸುಸಂಗತ ಜೀವಪರ ನೀತಿ

1983ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕಾರ್ಡಿನಲ್ ಟೆರೆನ್ಸ್ ಕುಕ್ ನಿಧನರಾದರು. ಗರ್ಭಪಾತ ವಿರೋಧಿ ಚಟುವಟಿಕೆಗಳನ್ನು ನೋಡಿಕೊಳ್ಳುತ್ತಿದ್ದ ಧರ್ಮಾಧ್ಯಕ್ಷರ ಸಮಿತಿಯ ಹೊಣೆ ಅವರಿಂದ ಬರ್ನಾರ್ಡಿನ್ ಅವರಿಗೆ ಬಂದಿತು. ಅಣ್ವಸ್ತ್ರಗಳ ವಿರುದ್ಧ ಪತ್ರ ಬರೆಸಿದವರೇ ಈಗ ಗರ್ಭಪಾತದ ವಿರುದ್ಧದ ಕಾರ್ಯಕ್ಕೂ ಮುಖ್ಯಸ್ಥರಾದರು. ಇವೆರಡನ್ನೂ ಜೋಡಿಸುವ ತತ್ತ್ವವನ್ನು ಅವರು 1983ರ ಡಿಸೆಂಬರ್ 6ರಂದು ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದ ಗ್ಯಾನನ್ ಉಪನ್ಯಾಸದಲ್ಲಿ ಮಂಡಿಸಿದರು.

ಅವರ ವಾದವನ್ನು ಹೀಗೆ ಸಂಗ್ರಹಿಸಬಹುದು. ಹಿಂದಿನ ಕಾಲದಲ್ಲಿ ಪ್ರಕೃತಿಗೆ ಬಿಟ್ಟಿದ್ದ ಜೀವನ್ಮರಣದ ಪ್ರಶ್ನೆಗಳು ಆಧುನಿಕ ತಂತ್ರಜ್ಞಾನದಿಂದಾಗಿ ಮನುಷ್ಯನ ಕೈಗೆ ಬಂದಿವೆ. ತಳಿವಿಜ್ಞಾನ, ಗರ್ಭಪಾತ, ಮರಣದಂಡನೆ, ಆಧುನಿಕ ಯುದ್ಧ, ಮರಣಾಸನ್ನ ರೋಗಿಗಳ ಆರೈಕೆ ಇವು ಬೇರೆ ಬೇರೆ ಸಮಸ್ಯೆಗಳು. ಒಂದಕ್ಕೆ ಕೊಡುವ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ. ಆದರೂ ನಿರಪರಾಧಿಯ ಜೀವವನ್ನು ಉದ್ದೇಶಪೂರ್ವಕವಾಗಿ ತೆಗೆಯಕೂಡದೆಂಬ ತತ್ತ್ವವನ್ನು ಒಂದು ಕಡೆ ಕೈಬಿಟ್ಟವರು ಇನ್ನೊಂದು ಕಡೆ ಅದನ್ನು ಉಳಿಸಿಕೊಳ್ಳಲಾರರು. ಹುಟ್ಟುವ ಹಕ್ಕನ್ನು ಕಾಪಾಡುವವರು ಹುಟ್ಟಿದ ಮೇಲಿನ ಬದುಕಿನ ಬಗೆಗೂ ಅಷ್ಟೇ ಕಾಳಜಿ ತೋರಬೇಕು. ಹಸಿದವರು, ಮನೆಯಿಲ್ಲದವರು, ನಿರುದ್ಯೋಗಿಗಳು, ದಾಖಲೆಯಿಲ್ಲದ ವಲಸಿಗರು, ವೃದ್ಧರು, ಮಕ್ಕಳು ಎಲ್ಲರೂ ಆ ಕಾಳಜಿಯ ವ್ಯಾಪ್ತಿಗೆ ಬರುತ್ತಾರೆ.

1984ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಅವರು ಈ ವಿಚಾರವನ್ನು ಮುಂದುವರಿಸಿದರು. ಒಬ್ಬ ವ್ಯಕ್ತಿ ಅಥವಾ ಸಂಘಟನೆ ಎಲ್ಲ ಕೆಲಸಗಳನ್ನೂ ಮಾಡಲಾಗದು, ಒಂದು ವಿಷಯಕ್ಕೆ ತಮ್ಮನ್ನು ಮುಡಿಪಾಗಿಸಿಕೊಂಡವರು ಉಳಿದ ವಿಷಯಗಳಲ್ಲಿ ದುಡಿಯುವವರಿಗೆ ಅಡ್ಡಿಯಾಗದಿದ್ದರೆ ಸಾಕು ಎಂದು ವಿವರಿಸಿದರು.

ಈ ನೀತಿಗೆ ಹೊಲಿಗೆಯಿಲ್ಲದ ಅಂಗಿ ಎಂಬ ಹೆಸರೂ ಬಳಕೆಗೆ ಬಂದಿತು. ಯೇಸುವನ್ನು ಶಿಲುಬೆಗೇರಿಸಿದ ಸೈನಿಕರು, ಮೇಲಿಂದ ಕೆಳಗಿನವರೆಗೆ ಒಂದೇ ನೇಯ್ಗೆಯಾಗಿದ್ದ ಆತನ ಅಂಗಿಯನ್ನು ಹರಿಯದೆ ಚೀಟಿ ಹಾಕಿ ಹಂಚಿಕೊಂಡರೆಂದು ಯೊವಾನ್ನನ ಶುಭಸಂದೇಶದಲ್ಲಿ ಹೇಳಿದೆ. ಜೀವದ ಪ್ರಶ್ನೆಗಳನ್ನೂ ಹಾಗೆಯೇ ತುಂಡು ಮಾಡಬಾರದೆಂಬುದು ಈ ರೂಪಕದ ಅರ್ಥ.

1984ರ ಚುನಾವಣೆ

ಹೊಸ ನೀತಿಗೆ ಮೊದಲ ಪರೀಕ್ಷೆ ಬೇಗನೆ ಎದುರಾಯಿತು. 1984ರಲ್ಲಿ ಡೆಮಾಕ್ರಟಿಕ್ ಪಕ್ಷ ಉಪಾಧ್ಯಕ್ಷ ಸ್ಥಾನಕ್ಕೆ ಜೆರಾಲ್ಡಿನ್ ಫೆರಾರೊ ಅವರನ್ನು ಆರಿಸಿತು. ಅವರು ಕ್ಯಾಥೊಲಿಕರು. ಆದರೆ ಗರ್ಭಪಾತದ ಕಾನೂನುಬದ್ಧ ಹಕ್ಕನ್ನು ಬೆಂಬಲಿಸುತ್ತಿದ್ದರು. ಹಿಂದೆ ಬರ್ನಾರ್ಡಿನ್ ಸಮಿತಿಯಲ್ಲಿದ್ದ ಓ'ಕಾನರ್ ಈಗ ನ್ಯೂಯಾರ್ಕಿನ ಮಹಾಧರ್ಮಾಧ್ಯಕ್ಷರಾಗಿದ್ದರು. ಗರ್ಭಪಾತವನ್ನು ಸ್ಪಷ್ಟವಾಗಿ ಬೆಂಬಲಿಸುವ ಅಭ್ಯರ್ಥಿಗೆ ಕ್ಯಾಥೊಲಿಕರು ಶುದ್ಧ ಮನಸ್ಸಾಕ್ಷಿಯಿಂದ ಹೇಗೆ ಮತ ನೀಡಬಲ್ಲರೆಂದು ಅವರು ಬಹಿರಂಗವಾಗಿ ಪ್ರಶ್ನಿಸಿದರು. ಬಾಸ್ಟನ್ನಿನ ಬರ್ನಾರ್ಡ್ ಲಾ ಮತ್ತು ಸುತ್ತಲಿನ ಧರ್ಮಾಧ್ಯಕ್ಷರು ಗರ್ಭಪಾತವೇ ಆ ಚುನಾವಣೆಯ ನಿರ್ಣಾಯಕ ವಿಷಯವೆಂದರು. ನ್ಯೂಯಾರ್ಕ್ ರಾಜ್ಯದ ಗವರ್ನರ್ ಮಾರಿಯೊ ಕುವೊಮೊ ಸೆಪ್ಟೆಂಬರಿನಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಮಾತನಾಡಿ, ತನ್ನ ನಂಬಿಕೆಯನ್ನು ಭಿನ್ನ ನಂಬಿಕೆಗಳ ಸಮಾಜದ ಮೇಲೆ ಕಾನೂನಾಗಿ ಹೇರಲೇಬೇಕೆಂಬ ಕಡ್ಡಾಯ ಕ್ಯಾಥೊಲಿಕ್ ರಾಜಕಾರಣಿಗಿಲ್ಲವೆಂದು ವಾದಿಸಿದರು.

ಬರ್ನಾರ್ಡಿನ್ ಅವರು ಅಕ್ಟೋಬರಿನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಧರ್ಮ ಮತ್ತು ರಾಜಕೀಯವನ್ನು ಕುರಿತು ಉಪನ್ಯಾಸ ನೀಡಿ ತಮ್ಮ ವಿಶಾಲ ದೃಷ್ಟಿಯನ್ನು ಸಮರ್ಥಿಸಿಕೊಂಡರು. ಫೆರಾರೊ ಅವರ ಪಕ್ಷ ಸೋತಿತು. ರೇಗನ್ 49 ರಾಜ್ಯಗಳಲ್ಲಿ ಗೆದ್ದರು.

ಟೀಕೆಗಳು ಮತ್ತು ಸ್ಪಷ್ಟನೆಗಳು

ಈ ನೀತಿ ಎರಡೂ ರಾಜಕೀಯ ಪಕ್ಷಗಳಿಗೆ ಇಕ್ಕಟ್ಟು ತಂದಿತು. ಅದನ್ನು ಪೂರ್ಣವಾಗಿ ಅನುಸರಿಸುವ ಅಭ್ಯರ್ಥಿ ಎರಡೂ ಕಡೆ ವಿರಳ. ಗರ್ಭಪಾತವನ್ನು ವಿರೋಧಿಸುವವರು ಮರಣದಂಡನೆಯನ್ನೂ ಶಸ್ತ್ರಾಸ್ತ್ರ ವೆಚ್ಚವನ್ನೂ ಬೆಂಬಲಿಸುವುದು, ಬಡವರ ಪರ ಯೋಜನೆಗಳನ್ನು ಬೆಂಬಲಿಸುವವರು ಗರ್ಭಪಾತದ ಹಕ್ಕನ್ನೂ ಬೆಂಬಲಿಸುವುದು ಸಾಮಾನ್ಯವಾಗಿತ್ತು. ಹೀಗಾಗಿ ಮತದಾರನಿಗೆ ಸಿದ್ಧ ಉತ್ತರ ದೊರೆಯಲಿಲ್ಲ. ಸ್ವತಃ ತೂಗಿ ನಿರ್ಧರಿಸುವ ಹೊಣೆ ಅವನ ಮೇಲೆಯೇ ಉಳಿಯಿತು.

ಗರ್ಭಪಾತ ವಿರೋಧಿ ಸಂಘಟನೆಗಳಲ್ಲಿ ಹಲವರು ಇದನ್ನು ಅನುಮಾನದಿಂದ ಕಂಡರು. ಎಲ್ಲ ವಿಷಯಗಳನ್ನೂ ಒಂದೇ ಪಟ್ಟಿಯಲ್ಲಿಟ್ಟರೆ, ಹತ್ತರಲ್ಲಿ ಎಂಟನ್ನು ಒಪ್ಪುವ ರಾಜಕಾರಣಿ ಗರ್ಭಪಾತದ ವಿಷಯದಲ್ಲಿ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ ಎಂಬುದು ಅವರ ವಾದ. ಈ ಆಕ್ಷೇಪವನ್ನು ಬರ್ನಾರ್ಡಿನ್ ಕಡೆಗಣಿಸಲಿಲ್ಲ. ಎಲ್ಲ ವಿಷಯಗಳೂ ಸಮಾನ ತೂಕದವೆಂದು ತಾವು ಹೇಳಿಲ್ಲವೆಂದು ಅವರು ಪದೇ ಪದೇ ಸ್ಪಷ್ಟಪಡಿಸಿದರು. 1988ರ ಸಂದರ್ಶನವೊಂದರಲ್ಲಿ, ಗರ್ಭಪಾತ ಇನ್ನು ಮುಖ್ಯ ವಿಷಯವಲ್ಲವೆಂದು ತೋರಿಸಲು ಕೆಲವರು ತಮ್ಮ ನೀತಿಯನ್ನು ಬಳಸುತ್ತಿರುವುದಕ್ಕೆ ವಿಷಾದಿಸಿದರು. ಗರ್ಭಪಾತವನ್ನು ಮೂಲಭೂತ ಹಕ್ಕೆಂದು ಭಾವಿಸುವವರಿಗೆ, ಈ ನೀತಿಯನ್ನು ಒಪ್ಪಿದವರು ಮತ ನೀಡುವುದು ಹೇಗೆಂದು ತಮಗೆ ತಿಳಿಯದು ಎನ್ನುವಷ್ಟು ದೂರ ಹೋದರು. ಇದು ಓ'ಕಾನರ್ ಅವರ ನಿಲುವಿಗೆ ಬಹಳ ಸಮೀಪದ ಮಾತು. ಅವರನ್ನು ಉದಾರವಾದಿಯೆಂದು ಮಾತ್ರ ಗುರುತಿಸುವವರು ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಆದರೆ ವಿಧಾನದಲ್ಲಿ ಅವರು ಭಿನ್ನರಾಗಿದ್ದರು. 1989ರ ವೆಬ್‌ಸ್ಟರ್ ತೀರ್ಪಿನಿಂದ ಗರ್ಭಪಾತವನ್ನು ನಿಯಂತ್ರಿಸಲು ರಾಜ್ಯಗಳಿಗೆ ಹೆಚ್ಚಿನ ಅವಕಾಶ ದೊರೆಯಿತು. ಕ್ಯಾಥೊಲಿಕ್ ಶಾಸಕರ ಮೇಲೆ ಶಿಸ್ತಿನ ಕ್ರಮ ಕೈಗೊಳ್ಳಬೇಕೆಂಬ ಮಾತೂ ಕೇಳಿಬಂದಿತು. 1990ರಲ್ಲಿ ಮತ್ತೆ ಜಾರ್ಜ್‌ಟೌನ್‌ನಲ್ಲಿ ಮಾತನಾಡಿದ ಬರ್ನಾರ್ಡಿನ್, ಶಿಕ್ಷೆಗಿಂತ ನೈತಿಕ ಮನವೊಲಿಕೆಯಿಂದಲೇ ಧರ್ಮಸಭೆ ಹೆಚ್ಚು ಸಾಧಿಸಬಲ್ಲದೆಂದು ಅಭಿಪ್ರಾಯಪಟ್ಟರು.

ಆರೋಪ ಮತ್ತು ಕ್ಷಮೆ

1993ರ ನವೆಂಬರಿನಲ್ಲಿ ವ್ಯಕ್ತಿಯೊಬ್ಬ, ಬರ್ನಾರ್ಡಿನ್ ತನ್ನ ಮೇಲೆ ಹಿಂದೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂದು ಆರೋಪಿಸಿ ಮೊಕದ್ದಮೆ ಹೂಡಿದನು. ಅವರು ಆರೋಪವನ್ನು ದೃಢವಾಗಿ ಅಲ್ಲಗಳೆದರು. ತಮ್ಮ ಮಹಾಧರ್ಮಪ್ರಾಂತ್ಯದಲ್ಲಿ ಇಂಥ ದೂರುಗಳಿಗಾಗಿ 1992ರಲ್ಲಿ ತಾವೇ ರೂಪಿಸಿದ್ದ ಪರಿಶೀಲನಾ ವ್ಯವಸ್ಥೆಗೆ ತಮ್ಮ ಪ್ರಕರಣವನ್ನೂ ಒಪ್ಪಿಸಿದರು. ಸಂಮೋಹನದ ಮೂಲಕ ಮರಳಿದ ತನ್ನ ನೆನಪುಗಳು ನಂಬಲರ್ಹವಲ್ಲವೆಂದು ಹೇಳಿ ಆ ವ್ಯಕ್ತಿ 1994ರ ಫೆಬ್ರವರಿಯಲ್ಲಿ ಆರೋಪವನ್ನು ಹಿಂತೆಗೆದುಕೊಂಡನು. ಅದೇ ವರ್ಷದ ಕೊನೆಯಲ್ಲಿ ಬರ್ನಾರ್ಡಿನ್ ಫಿಲಡೆಲ್ಫಿಯಾಕ್ಕೆ ಹೋಗಿ, ಏಡ್ಸ್ ರೋಗದಿಂದ ನರಳುತ್ತಿದ್ದ ಅವನನ್ನು ಭೇಟಿಯಾಗಿ ಕ್ಷಮಿಸಿದರು.

ಅನಾರೋಗ್ಯ ಮತ್ತು ನಿಧನ

1995ರ ಜೂನ್‌ನಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ನಂತರ ಅವರು ಇತರ ಕ್ಯಾನ್ಸರ್ ರೋಗಿಗಳಿಗೆ ಸಾಂತ್ವನ ನೀಡುವುದರಲ್ಲಿ ಹೆಚ್ಚು ಕಾಲ ಕಳೆದರು. 1996ರಲ್ಲಿ ರೋಗ ಯಕೃತ್ತಿಗೆ ಹರಡಿತು.

ಆ ಕೊನೆಯ ವರ್ಷದ ಘಟನೆಗಳು ಅವರ ನೀತಿಯ ಎಲ್ಲ ಮುಖಗಳನ್ನೂ ತೋರಿಸುತ್ತವೆ. ಗರ್ಭಾವಸ್ಥೆಯ ಉತ್ತರಾರ್ಧದಲ್ಲಿ ನಡೆಸುವ ಒಂದು ಬಗೆಯ ಗರ್ಭಪಾತವನ್ನು ನಿಷೇಧಿಸುವ ಮಸೂದೆಯನ್ನು ಅಧ್ಯಕ್ಷ ಬಿಲ್ ಕ್ಲಿಂಟನ್ ಏಪ್ರಿಲ್‌ನಲ್ಲಿ ತಡೆಹಿಡಿದಾಗ, ದೇಶದ ಕಾರ್ಡಿನಲ್‌ಗಳು ಬರೆದ ಪ್ರತಿಭಟನಾ ಪತ್ರಕ್ಕೆ ಅವರೂ ಸಹಿ ಹಾಕಿದರು. ಆಗಸ್ಟ್‌ನಲ್ಲಿ, ಧರ್ಮಸಭೆಯೊಳಗೆ ಭಿನ್ನಾಭಿಪ್ರಾಯವುಳ್ಳವರು ಕುಳಿತು ಮಾತನಾಡಲೆಂದು ಸಮಾನ ನೆಲೆ ಎಂಬ ಉಪಕ್ರಮವನ್ನು ಆರಂಭಿಸಿದರು. ಸೆಪ್ಟೆಂಬರ್ 9ರಂದು ಅದೇ ಕ್ಲಿಂಟನ್ ಅವರಿಂದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ಸ್ವೀಕರಿಸಿದರು. ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನನ್ನು ಸೆರೆಮನೆಯಲ್ಲಿ ಕಂಡು ಅವನೊಡನೆ ಪ್ರಾರ್ಥಿಸಿದರು. ನವೆಂಬರಿನಲ್ಲಿ, ವೈದ್ಯರ ನೆರವಿನ ಆತ್ಮಹತ್ಯೆಗೆ ಹಕ್ಕಿನ ಮಾನ್ಯತೆ ನೀಡಬಾರದೆಂದು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಸ್ವತಃ ಸಾವಿನ ಸಮೀಪದಲ್ಲಿದ್ದವರ ಮಾತೆಂಬ ಕಾರಣಕ್ಕೆ ಆ ಪತ್ರ ಬಹಳ ಜನರ ಗಮನ ಸೆಳೆಯಿತು.

1996ರ ನವೆಂಬರ್ 14ರಂದು ಶಿಕಾಗೊದ ತಮ್ಮ ನಿವಾಸದಲ್ಲಿ ಅವರು ನಿಧನರಾದರು. ಇಲಿನಾಯ್ ರಾಜ್ಯದ ಹಿಲ್‌ಸೈಡ್‌ನಲ್ಲಿರುವ ಮೌಂಟ್ ಕಾರ್ಮೆಲ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಕೊನೆಯ ವಾರಗಳಲ್ಲಿ ಬರೆದು ಮುಗಿಸಿದ 'ಶಾಂತಿಯ ಕೊಡುಗೆ' ಎಂಬ ಆತ್ಮಕಥನ 1997ರಲ್ಲಿ ಪ್ರಕಟವಾಗಿ ಅಪಾರ ಓದುಗರನ್ನು ತಲುಪಿತು.

ಪ್ರಭಾವ

ಪೋಪ್ ಎರಡನೇ ಜಾನ್ ಪಾಲ್ ಅವರು 1995ರಲ್ಲಿ ಹೊರಡಿಸಿದ ಜೀವದ ಶುಭಸಂದೇಶ ಎಂಬ ವಿಶ್ವಪತ್ರ ಗರ್ಭಪಾತ, ದಯಾಮರಣ ಮತ್ತು ಮರಣದಂಡನೆಗಳನ್ನು ಒಟ್ಟಿಗೆ ಚರ್ಚಿಸಿತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಮರಣದಂಡನೆ ಯಾವ ಸಂದರ್ಭದಲ್ಲೂ ಒಪ್ಪತಕ್ಕದ್ದಲ್ಲವೆಂದು ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿದರು. ಅಮೆರಿಕದ ಧರ್ಮಾಧ್ಯಕ್ಷರು ಅಧ್ಯಕ್ಷೀಯ ಚುನಾವಣೆಗಳ ಸಮಯದಲ್ಲಿ ಮತದಾರರಿಗೆ ಮಾರ್ಗದರ್ಶಿ ಹೇಳಿಕೆ ಹೊರಡಿಸುವ ಪದ್ಧತಿ 1976ರಿಂದ ಮುಂದುವರಿದಿದೆ. ಗರ್ಭಪಾತಕ್ಕೆ ವಿಶೇಷ ಆದ್ಯತೆ ಕೊಡಬೇಕೆ, ಕೊಟ್ಟರೆ ಎಷ್ಟು ಎಂಬ ಚರ್ಚೆಯೂ ಅದರ ಜೊತೆಗೇ ಸಾಗಿದೆ. 2004ರಲ್ಲಿ ಜಾನ್ ಕೆರಿ, 2020ರಲ್ಲಿ ಜೋ ಬೈಡನ್ ಎಂಬ ಕ್ಯಾಥೊಲಿಕ್ ಅಭ್ಯರ್ಥಿಗಳು ನಿಂತಾಗ, ಇಂಥವರಿಗೆ ಪರಮಪ್ರಸಾದ ನೀಡಬೇಕೆ ಎಂಬವರೆಗೆ ಅದು ಬೆಳೆಯಿತು.

2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ಡಾಬ್ಸ್ ಪ್ರಕರಣದಲ್ಲಿ ರೋ ತೀರ್ಪನ್ನು ರದ್ದುಗೊಳಿಸಿ ಗರ್ಭಪಾತದ ಪ್ರಶ್ನೆಯನ್ನು ರಾಜ್ಯಗಳಿಗೆ ಬಿಟ್ಟಿತು. ಅದರೊಂದಿಗೆ ಈ ಪ್ರಶ್ನೆ ಅಧ್ಯಕ್ಷೀಯ ಚುನಾವಣೆಯಿಂದ ರಾಜ್ಯಗಳ ಶಾಸನಸಭೆಗಳಿಗೂ ನೇರ ಜನಮತಕ್ಕೂ ಹರಡಿದೆ. ಹುಟ್ಟದ ಮಗುವಿಗೆ ರಕ್ಷಣೆ ಕೋರುವ ಮತದಾರ, ತಾಯಿಯ ಆರೋಗ್ಯ, ಬಡತನ ಮತ್ತು ಹುಟ್ಟಿದ ಮಗುವಿನ ಪಾಲನೆಯ ಬಗೆಗೆ ಅಭ್ಯರ್ಥಿಯಿಂದ ಏನನ್ನು ಕೇಳಬೇಕೆಂದು ಬರ್ನಾರ್ಡಿನ್ ಎತ್ತಿದ್ದ ಪ್ರಶ್ನೆ ಅಲ್ಲಿಯೂ ಚರ್ಚೆಗೆ ಬರುತ್ತಿದೆ. ಶಿಕಾಗೊದ ಕ್ಯಾಥೊಲಿಕ್ ಥಿಯಲಾಜಿಕಲ್ ಯೂನಿಯನ್ ಸಂಸ್ಥೆಯಲ್ಲಿ ಅವರ ಹೆಸರಿನ ಅಧ್ಯಯನ ಕೇಂದ್ರವಿದೆ.